ಸೈತಾನನಿಗೆ ನಾನು ಹೆಸರಿಟ್ಟ ಊರು

ಮೆಲಾಕಾ, ಮೊದಲ ದಿನ

ಮಲೇಷಿಯಾಕ್ಕೆ ಹೋಗಿ ಬಂದವರೆಲ್ಲ ಜೋಡಿ ಗೋಪುರದ ಮುಂದೆ ನಿಂತ ಫೋಟೋ ತೋರಿಸುತ್ತಾರೆ. ನನ್ನ ಹತ್ತಿರ ಅಂಥದ್ದು ಒಂದೂ ಇಲ್ಲ. ನಾನು ಹೋದದ್ದು ಸೈತಾನನ ವಿಷಯ ಮಾತಾಡುವುದಕ್ಕೆ. ಹೀಗೆಂದರೆ ನೆಂಟರಿಷ್ಟರು ನಗುತ್ತಾರೆ, ಮುಂದಿನದನ್ನು ಕೇಳುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮಂಗಳೂರಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಪಾಠ ಹೇಳಿ ನಿವೃತ್ತನಾದ ಮೇಲೆ ನಾನು ಹಿಡಿದ ಕೆಲಸ ಸ್ವಲ್ಪ ವಿಚಿತ್ರದ್ದು. ಸಣ್ಣ ಸಣ್ಣ ಭಾಷೆಗಳಿಗೆ ಬೈಬಲನ್ನು ಅನುವಾದ ಮಾಡುವವರ ಕರಡು ತಪಾಸಣೆ ಮಾಡುತ್ತೇನೆ. ಆ ಭಾಷೆಗಳಲ್ಲಿ ಒಂದೂ ನನಗೆ ಬರುವುದಿಲ್ಲ. ಅನುವಾದಕರು ತಾವು ಬರೆದದ್ದನ್ನು ಸಾಲು ಸಾಲಾಗಿ ಮತ್ತೆ ಇಂಗ್ಲಿಷಿಗೆ ತಿರುಗಿಸಿ ಕಳಿಸುತ್ತಾರೆ. ನಾನು ಮನೆಯಲ್ಲಿ ಫ್ಯಾನಿನ ಕೆಳಗೆ ಕೂತು ಓದಿ, ತಪ್ಪು ಹೆಕ್ಕಿ, ಸರಿಯಾದ ಮೇಲೆ ಸಹಿ ಹಾಕುತ್ತೇನೆ. ಸಹಿ ಬಿದ್ದರೆ ಅಚ್ಚಿಗೆ ಹೋಗುತ್ತದೆ. ಹೀಗೆ ನಾನು ಕಾಣದ ಎಷ್ಟೋ ಊರುಗಳಿಗೆ ನನ್ನ ಸಹಿ ಹೋಗಿ ಬಂದಿದೆ. ನಾನು ಹೋದದ್ದು ಇದೇ ಮೊದಲು.

ಹೋಗುವಾಗಲೇ ಅಪಶಕುನ. ವಿಮಾನದಲ್ಲಿ ಓದುವ ಕನ್ನಡಕವನ್ನು ಸೀಟಿನ ಮೇಲಿಟ್ಟು ಶೌಚಾಲಯಕ್ಕೆ ಹೋಗಿ ಬಂದು ಅದರ ಮೇಲೇ ಕೂತೆ. ಕರೆದುಕೊಂಡು ಹೋಗಲು ಬಂದಿದ್ದ ನನ್ನ ತಮ್ಮನ ಮಗಳು ಶೀಬಾ ಎರಡು ತುಂಡುಗಳನ್ನು ಕೈಯಲ್ಲಿ ಹಿಡಿದು ನೋಡಿದಳು. ಅವಳು ಮೆಲಾಕಾದ ವೈದ್ಯಕೀಯ ಕಾಲೇಜೊಂದರಲ್ಲಿ ಪಾಠ ಮಾಡುವ ಡಾಕ್ಟರು.

"ದೊಡ್ಡಪ್ಪ, ಸೀರಿಯಸ್ಲಿ? ಕೂತ್ಕೊಳ್ಳೋಕೆ ಮುಂಚೆ ನೋಡ್ಬಾರ್ದಾ?"

"ನೋಡುವುದಕ್ಕೆ ಕನ್ನಡಕ ಬೇಕಲ್ಲ ಮಾರಾಯ್ತಿ."

"ಟೆನ್ಷನ್ ಬೇಡ ಲಾ. ಹೊಸದು ಮಾಡಿಸೋಣ, ಬಟ್ ಟೂ ಡೇಸ್ ಆಗುತ್ತೆ."

ಮಾತಿನ ಕೊನೆಗೊಂದು 'ಲಾ' ಇಲ್ಲಿಯವರ ರೂಢಿಯಂತೆ. ದೂರದ್ದು ನನಗೆ ಚೆನ್ನಾಗಿ ಕಾಣುತ್ತದೆ, ಹತ್ತಿರದ ಅಕ್ಷರ ಮಾತ್ರ ಇರುವೆ ಸಾಲು. ಪುತ್ರಜಯಾದ ಅಗಲ ರಸ್ತೆಗಳನ್ನು ದಾಟಿ ಮೆಲಾಕಾ ಸೇರುವವರೆಗೆ ನಾನು ಬೋರ್ಡುಗಳನ್ನು ಓದುತ್ತಲೇ ಬಂದೆ. ರಸ್ತೆಯಲ್ಲಿ ನಡೆಯುವವರು ಮಾತ್ರ ಒಬ್ಬರೂ ಕಾಣಲಿಲ್ಲ.

ಮನೆಯಲ್ಲಿ ಶೀಬಾಳ ಹನ್ನೊಂದು ವರ್ಷದ ಮಗಳು ಆನ್ಯಾ ಬಾಗಿಲಲ್ಲೇ ಕೇಳಿದಳು, "ತಾತಾ, ಸುದಾ ಮಾಕಾನ್?" ಊಟ ಆಯ್ತಾ ಅಂತ. ಇಲ್ಲಿ ಎಲ್ಲರೂ ಎಲ್ಲರನ್ನೂ ಕೇಳುವ ಮೊದಲ ಮಾತು ಅದೇ ಅಂತೆ. ನನಗೆ ಸಂತೋಷವಾಯಿತು. ನಮ್ಮೂರಲ್ಲೂ ಅದೇ ತಾನೆ. ಇಲ್ಲಮ್ಮ ಎಂದೆ.

"ನೋ ನೋ ತಾತಾ, ಡೋಂಟ್ ಸೇ ನೋ. ಸೇ ಬೆಲುಮ್. ಮೀನ್ಸ್ ನಾಟ್ ಯೆಟ್."

ಶೀಬಾ ನಕ್ಕಳು. "ನಮ್ಮ ಡಿಪಾರ್ಟ್‌ಮೆಂಟಲ್ಲಿ ಒಬ್ರು ಆಂಟಿ ಇದಾರೆ. ಎಪ್ಪತ್ತರ ಹತ್ತಿರ, ಮದುವೆ ಇಲ್ಲ. ಯಾರಾದ್ರೂ ಮದುವೆ ಆಗಿದ್ಯಾ ಅಂದ್ರೆ ಅವ್ರು ಬೆಲುಮ್ ಅಂತಾರೆ. ಇಲ್ಲ ಅನ್ನಲ್ಲ. ಇಲ್ಲಿಯವರು ಯಾವುದಕ್ಕೂ ಪೂರ್ತಿ ಬಾಗಿಲು ಹಾಕಲ್ಲ ದೊಡ್ಡಪ್ಪ."

ಒಳ್ಳೆಯ ಪದ್ಧತಿ ಎಂದುಕೊಂಡು ಸಾರನ್ನ ಉಂಡು ಮಲಗಿದೆ.

ಮೆಲಾಕಾ, ಎರಡನೆಯ ದಿನ

ಬೆಳಿಗ್ಗೆ ತಿಂಡಿಯ ಹೊತ್ತಿಗೆ ಆನ್ಯಾ ಕೇಳಿದಳು, "ತಾತಾ, ಡೆವಿಲ್‌ನ ರಿಯಲ್ ನೇಮ್ ಲೂಸಿಫರ್, ರೈಟ್?" ಯಾವುದೋ ವಿಡಿಯೋ ಗೇಮಿನಲ್ಲಿ ಆ ಹೆಸರಿನವನಿಗೆ ಕೊಂಬು, ರೆಕ್ಕೆ ಎಲ್ಲ ಇದೆಯಂತೆ. ನನ್ನ ಅಂದಿನ ಭಾಷಣದ ವಿಷಯವೇ ಅದು. ದೋಸೆ ಆರುವವರೆಗೆ ಅವಳಿಗೆ ಹೇಳಿದೆ, ಆಮೇಲೆ ಅದನ್ನೇ ಅನುವಾದಕರ ಕೂಟದಲ್ಲೂ ಹೇಳಿದೆ. ಟಿಪ್ಪಣಿ ಕಾಣುತ್ತಿರಲಿಲ್ಲವಾದ್ದರಿಂದ ಎಲ್ಲ ಬಾಯಿಪಾಠ.

ಚರ್ಚೊಂದರ ಹಿಂದಿನ ಹಾಲ್. ಬೇರೆ ಬೇರೆ ಗುಡ್ಡಗಾಡಿನ ಭಾಷೆಗಳಿಗೆ ಅನುವಾದ ಮಾಡುತ್ತಿರುವ ಇಪ್ಪತ್ತು ಮಂದಿ. ಅವರನ್ನು ಸೇರಿಸಿದವನು ಡೇನಿಯಲ್, ಐವತ್ತು ದಾಟಿದ ಮಲೇಷಿಯಾದ ತಮಿಳ, ನಗುಮುಖದವನು, ಗಡಿಯಾರ ನೋಡುತ್ತಲೇ ಇರುವವನು. ಎಲ್ಲರ ಮಾತೂ ಇಂಗ್ಲಿಷಿನಲ್ಲಿ ನಡೆಯಿತು, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನಾನು ಹೇಳಿದ್ದು ಇಷ್ಟು. ಹೀಬ್ರೂವಿನಲ್ಲಿ ಸೈತಾನ ಎಂಬುದು ಮೊದಲು ಯಾರ ಹೆಸರೂ ಅಲ್ಲ. ಎದುರಾಳಿ, ನ್ಯಾಯಸ್ಥಾನದಲ್ಲಿ ಆರೋಪ ಹೊರಿಸುವವನು, ಅಷ್ಟೇ. ಒಂದು ಕಡೆ ದಾರಿಗೆ ಅಡ್ಡ ನಿಂತ ದೇವದೂತನಿಗೂ ಅದೇ ಪದವಿದೆ. ಗ್ರೀಕಿಗೆ ತಿರುಗಿಸಿದವರು ಚಾಡಿಕೋರ ಎಂಬ ಅರ್ಥದ ಪದ ಹಾಕಿದರು. ಅದು ಲ್ಯಾಟಿನ್ನಿನ ಮೂಲಕ ಸವೆಯುತ್ತ ಬಂದು ಇಂಗ್ಲಿಷಿನಲ್ಲಿ ಡೆವಿಲ್ ಆಯಿತು. ಸಣ್ಣಪುಟ್ಟ ಆತ್ಮಗಳಿಗೆ ಗ್ರೀಕಿನಲ್ಲಿ ಬೇರೆಯೇ ಪದವಿತ್ತು, ಹಿಂದಿನ ಗ್ರೀಕರಿಗೆ ಅದು ಕೆಟ್ಟ ಪದವೂ ಆಗಿರಲಿಲ್ಲ. ಇಂಗ್ಲಿಷಿನವರು ಅವಕ್ಕೂ ಡೆವಿಲ್ ಎಂದೇ ಬರೆದು ಎಲ್ಲರನ್ನೂ ಒಂದೇ ಕೊಟ್ಟಿಗೆಗೆ ಕಟ್ಟಿದರು. ಇನ್ನು ಲೂಸಿಫರ್. ಪ್ರವಾದಿಯೊಬ್ಬ ಬಾಬಿಲೋನಿನ ರಾಜನನ್ನು ಹಂಗಿಸುತ್ತ ಬಿದ್ದುಹೋದ ಬೆಳ್ಳಿಚುಕ್ಕಿ ಎಂದು ಕರೆದ. ಲ್ಯಾಟಿನ್ನಿನಲ್ಲಿ ಬೆಳ್ಳಿಚುಕ್ಕಿಗೆ ಲೂಸಿಫರ್ ಎನ್ನುತ್ತಾರೆ. ಇಂಗ್ಲಿಷಿಗೆ ತಂದವರು ಆ ಪದವನ್ನು ತಿರುಗಿಸದೆ ಹಾಗೇ ಬಿಟ್ಟರು. ಓದಿದವರು ಅದೊಂದು ಹೆಸರೆಂದು ತಿಳಿದರು. ಬೆಳಗಿನ ನಕ್ಷತ್ರಕ್ಕೆ ಕೊಂಬು ಬಂದದ್ದು ಹಾಗೆ.

"ಸೈತಾನನಿಗೆ ಇಂಗ್ಲಿಷಿನಲ್ಲಿ ಹೆಸರಿಟ್ಟವರು ಅವನನ್ನು ಕಂಡವರಲ್ಲ, ಮೇಜಿನ ಮುಂದೆ ಕೂತವರು," ಎಂದು ಮುಗಿಸಿದೆ. ಚಪ್ಪಾಳೆ ಬಿತ್ತು. ಈ ಸಾಲನ್ನು ಮನೆಯಲ್ಲೇ ತಯಾರು ಮಾಡಿಟ್ಟುಕೊಂಡಿದ್ದೆ.

ನಮ್ಮೂರಿನ ಕಥೆಯನ್ನೂ ಹೇಳಿದೆ, ಆದರೆ ಅರ್ಧ ಮಾತ್ರ. ಕರಾವಳಿಯಲ್ಲಿ ಭೂತ ಎಂದರೆ ಮನೆ ಕಾಯುವ, ನ್ಯಾಯ ಹೇಳುವ ದೈವ. ನಮ್ಮ ಸಭೆಯ, ಅಂದರೆ ಚರ್ಚಿನ, ಹಳೆಯ ಕರಪತ್ರಗಳಲ್ಲಿ ಭೂತ ಎಂದರೆ ಸೈತಾನನ ಬಳಗ. ನೆರೆಯವರ ದೈವವನ್ನು ಒಂದು ಪದದಿಂದ ನರಕಕ್ಕೆ ಕಳಿಸಿದ್ದಾಯಿತು. ಇಷ್ಟು ಹೇಳಿದೆ. ಅಕ್ಕು ಪೂಜಾರ್ತಿಯ ವಿಷಯ ಹೇಳಲಿಲ್ಲ. ಆಕೆ ನಮ್ಮ ಬೇಲಿಯಾಚೆಯವರು. ಅವರ ದೈವಕ್ಕೆ ಅಗೆಲು ಬಡಿಸಿದ ದಿನ, ಅಂದರೆ ಕೋಳಿ ಪದಾರ್ಥದ ಎಡೆ ಇಟ್ಟ ದಿನ, ಬಾಳೆಲೆಯಲ್ಲಿ ಕಟ್ಟಿ ನಮಗೂ ಒಂದು ಪಾಲು ತಂದುಕೊಡುತ್ತಿದ್ದರು. ನನ್ನ ಅಮ್ಮ ಎದುರು ಬಾಗಿಲಲ್ಲಿ ಎರಡೂ ಕೈಯೊಡ್ಡಿ ನಗುತ್ತ ತೆಗೆದುಕೊಂಡು, ಹಿತ್ತಲ ಬಾಗಿಲಿಂದ ತೆಂಗಿನ ಬುಡಕ್ಕೆ ಎಸೆಯುತ್ತಿದ್ದರು. ಒಂದು ವರ್ಷ ಅಕ್ಕು ತಪ್ಪಿಸಿಕೊಂಡ ಹೇಂಟೆ ಹುಡುಕುತ್ತ ಹಿತ್ತಲಿಗೆ ಬಂದರು, ನೋಡಿದರು. ಜಗಳವಿಲ್ಲ, ಮಾತಿಲ್ಲ. ಮತ್ತೆ ಎಂದೂ ಏನೂ ಬರಲಿಲ್ಲ. ನನ್ನ ಅಪ್ಪ ತೀರಿಕೊಂಡಾಗ ಆಕೆ ಗೇಟಿನವರೆಗೆ ಬಂದು ನಿಂತು ಹಾಗೇ ವಾಪಸು ಹೋದರು.

ಹಿಂದಿನ ಸಾಲಿನಿಂದ ಒಬ್ಬ ಎದ್ದು ನಿಂತ. ಮೂವತ್ತೈದರ ಆಸುಪಾಸು, ಗಿಡ್ಡ, ಗಟ್ಟಿಮುಟ್ಟು. ಸ್ಟೀಫನ್. ಕಾಡಿನ ಮೂಲನಿವಾಸಿ ಜನರವನು. ಅವನ ಭಾಷೆಯ ಕರಡುಗಳನ್ನು ನಾನು ವರ್ಷಗಳಿಂದ ನೋಡುತ್ತಿದ್ದರೂ ಮುಖ ಕಂಡದ್ದು ಅಂದೇ.

"ಸರ್, ಹೆಸರಿಟ್ಟ ಮೇಲೆ ಆ ಅನುವಾದಕರು ಊರುಗಳಿಗೆ ಹೋಗಿ ಏನಾಯಿತು ಅಂತ ನೋಡಿದರಾ?"

"ಅವರು ಸತ್ತು ನೂರಾರು ವರ್ಷವಾಯಿತಲ್ಲ," ಎಂದೆ. ಎಲ್ಲರೂ ನಕ್ಕರು. ಸ್ಟೀಫನ್ ನಗಲಿಲ್ಲ.

ಚಹಾದ ಹೊತ್ತಿಗೆ ಅವನು ಒಂದು ಕಾಗದ ಹಿಡಿದು ಬಂದ. ಕಾಣುವುದಿಲ್ಲ, ನೀನೇ ಓದು ಎಂದೆ. ಮೂರು ವರ್ಷದ ಹಿಂದೆ ಅವರ ಭಾಷೆಯಲ್ಲಿ ಬಂದ ಬೈಬಲ್ ಕಥೆಗಳ ಮೊದಲ ಚಿತ್ರಪುಸ್ತಿಕೆಯ ತಪಾಸಣೆ ಫಾರ್ಮು ಅದು. ನಮ್ಮ ಕೆಲಸದಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ. ಅಚ್ಚಿಗೆ ಹೋಗುವ ಮೊದಲು ಅನುವಾದವನ್ನು ಸಭೆಗೆ ಸೇರದ ಒಬ್ಬರಿಗೆ ಓದಿ ಹೇಳಬೇಕು. ಏನು ಅರ್ಥವಾಯಿತು ಎಂದು ಕೇಳಬೇಕು. ಅವರ ಹೆಸರನ್ನು ಫಾರ್ಮಿನಲ್ಲಿ ಬರೆಯಬೇಕು.

"ಕೇಳಿಸಿಕೊಂಡವರು ಯಾರು," ಅವನು ಓದಿದ. "ಖಾಲಿ. ಸಭೆಯ ಹೊರಗಿನವರೇ. ಖಾಲಿ. ಕೆಳಗೆ ನಿಮ್ಮ ಸಹಿ."

ನೆನಪಿತ್ತು. ಆ ಕಾಲಂ ಖಾಲಿ ಇದ್ದದ್ದನ್ನು ನಾನು ನೋಡಿದ್ದೆ. ಬಂದರಿನಿಂದ ಫೋನ್ ಬಂದಿತ್ತು, ಒಳ್ಳೆ ಬಂಗುಡೆ ಮೀನು ಬಂದಿದೆ, ಬೇಗ ಬನ್ನಿ ಅಂತ. ನಲವತ್ತು ಪುಟದ ಪುಸ್ತಿಕೆ, ಏನಾಗುತ್ತದೆ ಎಂದು ಸಹಿ ಹಾಕಿ ಚೀಲ ಹಿಡಿದು ಹೊರಟಿದ್ದೆ. ಸೈತಾನನಿಗೆ ಅವರು ಬಳಸಿದ್ದ ಪದದ ಮುಂದೆ ಇಂಗ್ಲಿಷಿನಲ್ಲಿ 'ಜನರಿಗೆ ಕಾಯಿಲೆ ತರುವ ಕಾಡಿನ ಆತ್ಮ' ಎಂದಿತ್ತು. ಅದಕ್ಕೆ ಟಿಕ್ ಹಾಕಿದ್ದೂ ನಾನೇ.

"ಈಗ ಬೈಬಲಿನ ಇಡೀ ಸುವಾರ್ತೆ ಭಾಗ ಅಚ್ಚಿಗೆ ಹೋಗುತ್ತದೆ," ಸ್ಟೀಫನ್ ಹೇಳಿದ. "ಅದೇ ಪದ. ಮುಂದಿನ ವಾರ ನಿಮ್ಮ ಸಹಿ. ಅದಕ್ಕೆ ಮೊದಲು ನೀವು ಬಂದು ಒಬ್ಬರಿಗೆ ಓದಿಸಿ ಕೇಳಬೇಕು, ಸರ್."

"ಯಾರಿಗೆ?"

"ನನ್ನ ಅಮ್ಮನಿಗೆ."

ತಾಳೆ ತೋಟದ ದಾರಿ

ಮೂರನೆಯ ದಿನ ಬೆಳಕು ಹರಿಯುತ್ತಲೇ ಡೇನಿಯಲ್‌ನ ಕಾರಿನಲ್ಲಿ ಹೊರಟೆವು. ಮಲೇಷಿಯಾ ಹಸಿರು ದೇಶ ಎಂದು ಕೇಳಿದ್ದೆ. ಹಸಿರೇನೋ ಹೌದು. ನಾಲ್ಕು ಗಂಟೆ ಹೊತ್ತು ಎರಡೂ ಕಡೆ ಎಣ್ಣೆ ತಾಳೆ ಬಿಟ್ಟರೆ ಬೇರೆ ಮರ ಕಾಣಲಿಲ್ಲ. ಎಲ್ಲ ಒಂದೇ ಎತ್ತರ, ಒಂದೇ ಅಂತರ. ಕೆಳಗೆ ಹಕ್ಕಿಯ ಸದ್ದಿಲ್ಲ. ನಮ್ಮಲ್ಲಿ ಘಟ್ಟ ಹತ್ತುವಾಗ ಮಕ್ಕಳು ಕಿಟಕಿಗೆ ಮೂಗು ಒತ್ತುತ್ತಾರೆ. ಇಲ್ಲಿ ನಾನು ನಿದ್ದೆ ಹೋದೆ.

ಡೇನಿಯಲ್‌ಗೆ ಸಿಟ್ಟಿತ್ತು, ಆದರೆ ನಗುತ್ತಲೇ ಹೇಳಿದ. "ಪ್ರೊಫೆಸರ್, ಬಿಡುಗಡೆಯ ದಿನ ಗೊತ್ತಾಗಿದೆ. ಬಿಷಪ್ ಬರ್ತಾರೆ. ಒಂದು ಪದಕ್ಕೆ ಇಷ್ಟೆಲ್ಲ ಯಾಕೆ ಲಾ?"

"ಒಂದು ಕಾಲಂ ಖಾಲಿ ಇದೆಯಲ್ಲ," ಎಂದೆ.

"ಖಾಲಿ ಇದ್ದದ್ದು ಮೂರು ವರ್ಷ ನಿಮ್ಮ ಕಣ್ಣಿಗೆ ಬೀಳಲಿಲ್ಲ."

ಹಿಂದಿನ ಸೀಟಿನಲ್ಲಿ ಸ್ಟೀಫನ್ ಹೊರಗೆ ನೋಡುತ್ತ ಕೂತಿದ್ದ.

ಹೆದ್ದಾರಿ ಬಿಡುವ ಮೊದಲು ಮಾಮಾಕ್ ಅಂಗಡಿಯಲ್ಲಿ ನಿಂತೆವು. ತಮಿಳು ಮುಸಲ್ಮಾನರ ಈ ಅಂಗಡಿಗಳು ಇಲ್ಲಿ ಹೆಜ್ಜೆಗೊಂದು. ನಮ್ಮೂರಿನ ಪರೋಟವನ್ನೇ ಇನ್ನಷ್ಟು ತೆಳ್ಳಗೆ ಬೀಸಿ ಕೊಡುತ್ತಾರೆ. ಚಹಾವನ್ನು ಒಂದು ಮಗ್ಗಿನಿಂದ ಇನ್ನೊಂದಕ್ಕೆ ಮಾರುದ್ದ ಎಳೆಯುತ್ತಾರೆ. ನಾನು ಮತ್ತು ಡೇನಿಯಲ್ ತಿಂದೆವು. ಸ್ಟೀಫನ್ ಏನೂ ತಿನ್ನದೆ ಒಂದು ಪೊಟ್ಟಣ ಅನ್ನ ಮಾತ್ರ 'ತಪಾವ್' ಮಾಡಿಸಿದ. ತಪಾವ್ ಎಂದರೆ ಕಟ್ಟಿಸಿಕೊಂಡು ಹೋಗುವುದು.

"ಅಮ್ಮನಿಗಾ?" ಎಂದು ಕೇಳಿದೆ.

"ಅಲ್ಲ ಸರ್, ನನಗೆ. ಮಧ್ಯಾಹ್ನಕ್ಕೆ."

ಅಮ್ಮನ ಮನೆಗೆ ಹೋಗುವವನು ಬುತ್ತಿ ಕಟ್ಟಿಕೊಂಡು ಹೋಗುವುದೇ ಎಂದು ಆಶ್ಚರ್ಯವಾಯಿತು. ಅವರ ಪದ್ಧತಿ ಇರಬಹುದು ಎಂದುಕೊಂಡು ಸುಮ್ಮನಾದೆ.

ಗುಡ್ಡದ ಊರು

ಡಾಂಬರು ಮುಗಿದು ಕೆಂಪು ಮಣ್ಣು. ಕಾರು ಒಂದು ಕಡೆ ಹೂತು, ಮೂವರೂ ಇಳಿದು ತಳ್ಳಿ, ನನ್ನ ಬಿಳಿ ಪ್ಯಾಂಟು ಮೊಣಕಾಲವರೆಗೆ ಕೆಂಪಾಯಿತು. ಊರಿನ ಮೊದಲಿಗೆ ತಗಡಿನ ಚಾವಣಿಯ ಹೊಸ ಚರ್ಚು, ಅದರ ಸುತ್ತ ಸಾಲು ಮನೆಗಳು. ಸ್ಟೀಫನ್‌ನ ಮನೆ ಅಲ್ಲಿದೆ. ತಾಯಿಯದು ಇನ್ನೂ ಮೇಲೆ, ಒಂಟಿಯಾಗಿ, ಬಿದಿರು ಹಲಗೆಯ ಮನೆ.

ತಾಯಿಯ ಹೆಸರು ಇಂದಾ. ಎಪ್ಪತ್ತರ ಹತ್ತಿರ ಇರಬಹುದು, ಸಪೂರ, ನಡುನಡುವೆ ಕೆಮ್ಮು. ಮೆಟ್ಟಿಲಲ್ಲಿ ಕೂತು ಮರಗೆಣಸಿನ ಸಿಪ್ಪೆ ತೆಗೆಯುತ್ತಿದ್ದರು. ನಮ್ಮನ್ನು ಕಂಡು ಮಲಯ್ ಭಾಷೆಯಲ್ಲಿ ಕೇಳಿದ ಮೊದಲ ಮಾತು, ಊಟ ಆಯಿತಾ. ನನಗೆ ಪಾಠವಾಗಿತ್ತಲ್ಲ, ಬೆಲುಮ್ ಎಂದೆ. ಆಕೆ ಖುಷಿಯಿಂದ ಒಳಗೆ ಹೋಗಿ ಒಲೆಗೆ ಇನ್ನೊಂದು ಕೊಳ್ಳಿ ತುರುಕಿ ಬಂದರು. ಮಗನನ್ನು ಕೇಳಲಿಲ್ಲ.

ಓದುವವನು ಸ್ಟೀಫನ್. ಕೇಳುವವರು ಅವನ ತಾಯಿ. ಪ್ರಶ್ನೆ ಹಾಕುವವನು ನಾನು. ನನ್ನ ಪ್ರಶ್ನೆಯನ್ನೂ ಆಕೆಯ ಉತ್ತರವನ್ನೂ ತಿರುಗಿಸಬೇಕಾದವನು ಮತ್ತೆ ಸ್ಟೀಫನ್ನೇ. ಅವರ ಭಾಷೆಯೂ ಇಂಗ್ಲಿಷೂ ಎರಡೂ ಬರುವವನು ಆ ಊರಿನಲ್ಲಿ ಅವನೊಬ್ಬನೇ. ನನ್ನ ಕೈಯಲ್ಲಿ ಹಾಳೆ ಇತ್ತು, ಅಕ್ಷರ ಕಾಣುತ್ತಿರಲಿಲ್ಲ. ಹಾಗಾಗಿ ಆಕೆಯ ಮುಖವನ್ನೇ ನೋಡುತ್ತ ಕೂತೆ. ಈ ಕೆಲಸ ಹಿಡಿದ ಹದಿನೈದು ವರ್ಷದಲ್ಲಿ ನಾನು ಕೇಳುವವರ ಮುಖ ನೋಡಿದ್ದು ಅದೇ ಮೊದಲು.

ಓದಿದ ಭಾಗ ಸಭೆಯ ಮಕ್ಕಳಿಗೂ ಗೊತ್ತಿರುವಂಥದ್ದು. ಒಬ್ಬ ಪುಣ್ಯಪುರುಷ ನಲವತ್ತು ದಿನ ಅಡವಿಯಲ್ಲಿ ಏನೂ ತಿನ್ನದೆ ಇರುತ್ತಾನೆ. ಹಸಿವಾಗುತ್ತದೆ. ಸೈತಾನ ಬಂದು ಈ ಕಲ್ಲುಗಳನ್ನು ರೊಟ್ಟಿ ಮಾಡಿಕೋ ಎನ್ನುತ್ತಾನೆ. ಅವನು ಒಪ್ಪುವುದಿಲ್ಲ. ಕೊನೆಗೆ ಸೈತಾನನನ್ನು ಅಟ್ಟುತ್ತಾನೆ.

ಸೈತಾನನಿಗಿದ್ದ ಆ ಪದ ಬಂದಾಗ ಇಂದಾ ಕೆಲಸ ನಿಲ್ಲಿಸಿದರು. ಕತ್ತಿ ಕೆಳಗಿಟ್ಟು, ಹೆಗಲ ಮೇಲಿನ ಬಟ್ಟೆ ಸರಿಮಾಡಿಕೊಂಡು, ನೆಟ್ಟಗೆ ಕೂತರು. ಮನೆಗೆ ಹಿರಿಯರು ಬಂದಾಗ ನಮ್ಮ ಹೆಂಗಸರು ಸೆರಗು ಸರಿಮಾಡಿಕೊಳ್ಳುತ್ತಾರಲ್ಲ, ಹಾಗೆ. ಸೈತಾನನ ಹೆಸರು ಕೇಳಿ ಯಾರೂ ಹಾಗೆ ಕೂರುವುದಿಲ್ಲ.

ಆ ಪದವನ್ನು ಇಲ್ಲಿ ಬರೆಯುವುದಿಲ್ಲ. ನನ್ನಿಂದ ಅದು ಒಮ್ಮೆ ಅಚ್ಚಾದದ್ದೇ ಸಾಕು. ಝರಿಯ ಹಿರಿಯ ಎನ್ನೋಣ. ಸ್ಟೀಫನ್ ಹೇಳಿದ, ಊರ ಮೇಲಿನ ಝರಿಯನ್ನು ಕಾಯುವವನು. ನೀರು ಕೊಳೆ ಮಾಡಿದವರಿಗೆ ಕಾಯಿಲೆ ಕೊಡುತ್ತಾನೆ, ಮಕ್ಕಳಿಗೆ ಜ್ವರ ಬಂದರೆ ಇಳಿಸುತ್ತಾನೆ. ನನಗೆ ಬಂದ ಇಂಗ್ಲಿಷ್ ಸಾಲಿನಲ್ಲಿ ಮೊದಲರ್ಧ ಮಾತ್ರ ಇತ್ತು.

"ಏನು ನಡೆಯಿತು ಈ ಕಥೆಯಲ್ಲಿ, ಅಮ್ಮನನ್ನು ಕೇಳು," ಎಂದೆ.

ಸ್ಟೀಫನ್ ಕೇಳಿದ. ಆಕೆ ನಿಧಾನವಾಗಿ ಹೇಳುತ್ತ ಹೋದರು, ಅವನು ತಿರುಗಿಸುತ್ತ ಬಂದ.

"ಒಬ್ಬ ಮನುಷ್ಯ ಕಾಡಿಗೆ ಬಂದ. ಬಹಳ ದಿನ ಊಟ ಮಾಡಲಿಲ್ಲ. ನಮ್ಮ ಹಿರಿಯ ಅವನನ್ನು ಕಂಡು ಪಾಪ ಅಂದುಕೊಂಡ. ಏನಾದರೂ ತಿನ್ನು ಅಂದ. ಅವನು ತಿನ್ನಲಿಲ್ಲ."

"ಇದರಲ್ಲಿ ಕೆಟ್ಟವರು ಯಾರು?"

ಆಕೆ ಸ್ವಲ್ಪ ಯೋಚಿಸಿದರು.

"ಕೆಟ್ಟವರು ಯಾರೂ ಇಲ್ಲ. ಅಷ್ಟು ದಿನ ಉಪವಾಸ ಇದ್ದವನಿಗೆ ಬುದ್ಧಿ ನೆಟ್ಟಗಿರುವುದಿಲ್ಲ. ಉಣ್ಣು ಅಂದವನನ್ನೇ ಬೈದು ಓಡಿಸಿದ. ಅವನಿಗೆ..." ಸ್ಟೀಫನ್ ನಿಂತ. ತಾಯಿ ಮುಂದಿನ ಮಾತನ್ನು ಹೇಳಿಯಾಗಿತ್ತು. ಅವನು ಹಾಳೆ ನೋಡುತ್ತಿದ್ದ.

"ಅವನಿಗೆ ಏನಂತೆ?" ಎಂದೆ.

ಇಂದಾ ಡೇನಿಯಲ್ ಕಡೆ ತಿರುಗಿ ಅದನ್ನೇ ಮಲಯ್ ಭಾಷೆಯಲ್ಲಿ ಇನ್ನೊಮ್ಮೆ ಹೇಳಿದರು. ಡೇನಿಯಲ್‌ನ ನಗುಮುಖ ಇಳಿದುಹೋಯಿತು.

"ಅವನಿಗೆ ತಾಯಿ ಇಲ್ಲವಾ ಅಂತ ಕೇಳ್ತಾ ಇದಾರೆ, ಪ್ರೊಫೆಸರ್. ಇದ್ದರೆ ಪಾಪ ಅವಳು ಅಂತ. ನನ್ನ ಮಗನೂ ಹಾಗೇ, ಮೂರು ವರ್ಷ ಆಯ್ತು ನನ್ನ ಕೈಯಿಂದ ಉಂಡು ಅಂತ."

ನಾನು ಮುಂದಿನ ಪ್ರಶ್ನೆ ಕೇಳಲಿಲ್ಲ. ಫಾರ್ಮಿನಲ್ಲಿ ಇನ್ನೂ ಆರು ಪ್ರಶ್ನೆಗಳಿದ್ದವು.

ಅನ್ನ ಬೆಂದಿತ್ತು. ಇಂದಾ ಮಡಕೆಯ ಮುಚ್ಚಳ ತೆಗೆದು ಮೊದಲ ಹಿಡಿಯನ್ನು ಎಲೆಯ ಚೂರಿನಲ್ಲಿ ಹಾಕಿ ಹೊಸಿಲಾಚೆ ಇಟ್ಟರು. ಝರಿಯ ಹಿರಿಯನಿಗೆ. ನಮ್ಮ ಎಡೆಯ ಹಾಗೆಯೇ. ಆಮೇಲೆ ನಮಗೆ ಬಡಿಸಿದರು. ಎಲ್ಲ ಅರ್ಥವಾಯಿತು. ಆ ಮಡಕೆಯಿಂದ ಬರುವ ಪ್ರತಿ ಊಟವೂ ಮೊದಲು ಅವನಿಗೆ ಇಟ್ಟು ಉಳಿದದ್ದು. ಅವನ ಹೆಸರನ್ನು ನಾವು ಪುಸ್ತಿಕೆಯಲ್ಲಿ ಸೈತಾನನಿಗೆ ಕೊಟ್ಟ ದಿನದಿಂದ ತಾಯಿಯ ಅಡುಗೆ ಮಗನಿಗೆ ಸೈತಾನನ ಎಂಜಲಾಯಿತು.

ಡೇನಿಯಲ್ ಹೊಟ್ಟೆ ಸರಿಯಿಲ್ಲ ಎಂದು ಕಾರಿನ ಕಡೆ ಹೋದ. ಸ್ಟೀಫನ್ ಮೆಟ್ಟಿಲಿಳಿದು ಅಂಗಳದಾಚೆ ಒಂದು ದಿಮ್ಮಿಯ ಮೇಲೆ ನಮಗೆ ಬೆನ್ನು ಹಾಕಿ ಕೂತು ಪೊಟ್ಟಣ ಬಿಚ್ಚಿದ. ನನ್ನ ಮುಂದೆ ಕೆಂಪಕ್ಕಿ ಅನ್ನ, ಕಾಡಿನ ಸೊಪ್ಪು, ಸುಟ್ಟ ಮೀನು. ನನ್ನ ಅಮ್ಮ ಕಣ್ಣಿಗೆ ಕಟ್ಟಿದರು. ಎರಡು ಕೈಯೊಡ್ಡಿ ನಗುತ್ತಿದ್ದ ಅಮ್ಮ. ನಾನು ಉಂಡೆ. ದೊಡ್ಡ ಧೈರ್ಯ ಮಾಡಿದೆನೆಂದು ಹೇಳುತ್ತಿಲ್ಲ. ಆಕೆ ನನ್ನ ಎದುರಿಗೇ ಕೂತಿದ್ದರು, ಎಸೆಯಲು ಹಿತ್ತಲ ಬಾಗಿಲೂ ಇರಲಿಲ್ಲ. ಎರಡನೆಯ ಸಲ ಬಡಿಸುವಾಗ ಆಕೆ ಅಂಗಳದ ಕಡೆ ನೋಡಿದರು.

ಝರಿಯ ಹತ್ತಿರ

ಊಟವಾದ ಮೇಲೆ ಸ್ಟೀಫನ್ ನನ್ನನ್ನು ಝರಿಗೆ ಕರೆದೊಯ್ದ. ಕಲ್ಲುಗಳ ನಡುವೆ ಕೆಸರು ನೀರು, ಮೇಲೆ ಎಣ್ಣೆಯಂಥ ಪೊರೆ. ಪಕ್ಕದಲ್ಲಿ ನಾಲ್ಕು ಜನ ಮಲಗುವಷ್ಟು ಅಗಲದ ಒಂದು ಬೊಡ್ಡೆ. ಅದರಾಚೆಯಿಂದಲೇ ತಾಳೆ ಸಸಿಗಳ ಸಾಲು.

"ಇದು ಅವನ ಮರ. ಜೇನುಗೂಡು ಎಷ್ಟು ಇದ್ದವು ಅಂದರೆ ಚಿಕ್ಕವನಿದ್ದಾಗ ಎಣಿಸಲಿಕ್ಕೆ ಆಗುತ್ತಿರಲಿಲ್ಲ," ಎಂದ. "ಮೊದಲು ತೋಟದವರು ಬಂದಾಗ ಊರವರೆಲ್ಲ ಅಡ್ಡ ನಿಂತಿದ್ದರು. ಪುಸ್ತಿಕೆ ಬಂದ ಮೇಲೆ ಇದು ಸೈತಾನನ ಮರ ಅಂತ ಆಯಿತು. ಎರಡನೇ ಸಲ ಬಂದಾಗ ಯಾರೂ ನಿಲ್ಲಲಿಲ್ಲ. ಅಮ್ಮ ಒಬ್ಬಳೇ ಬಂದು ನಿಂತಳು. ಅವಳನ್ನು ಕೈಹಿಡಿದು ಪಕ್ಕಕ್ಕೆ ಕರೆದುಕೊಂಡು ಹೋದವನು ನಾನು."

ಅವನ ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿದ್ದೆ. ಬಂಗುಡೆಯ ಕಥೆಯನ್ನೂ ಬಿಡದೆ ಹೇಳಿದೆ. ಖಾಲಿ ಕಾಲಂ ನೋಡಿಯೂ ಸಹಿ ಹಾಕಿದೆ, ತಪ್ಪು ನನ್ನದು ಎಂದೆ.

"ಖಾಲಿ ಬಿಟ್ಟದ್ದು ನಾನು, ಸರ್," ಅವನೆಂದ. "ಸಭೆಯ ಮೂರು ಹುಡುಗಿಯರಿಗೆ ಓದಿ ಹೇಳಿದ್ದೆ. ಹೊರಗಿನವರಿಗೆ ಓದಬೇಕು ಅಂತ ಗೊತ್ತಿತ್ತು. ಅಮ್ಮನಿಗೆ ಓದಿದರೆ ಅವಳು ಏನು ಹೇಳುತ್ತಾಳೆ ಅಂತಲೂ ಗೊತ್ತಿತ್ತು. ನಾನು ಹೊಸದಾಗಿ ಸಭೆಗೆ ಸೇರಿದ್ದೆ. ಯಾರಾದರೂ ತಡೆದಿದ್ದರೆ ಒಳ್ಳೆಯದಿತ್ತು. ಸುಳ್ಳು ಹೆಸರು ಬರೆಯಲು ಮನಸ್ಸಾಗಲಿಲ್ಲ, ಖಾಲಿ ಬಿಟ್ಟೆ. ಮಂಗಳೂರಿನ ಸರ್ ಕೇಳುತ್ತಾರೆ ಅಂತ ಒಂದು ವಾರ ಕಾದೆ. ಸಹಿ ಬಂತು."

ಇದಕ್ಕಿಂತ ಅವನು ನನ್ನ ಕೆನ್ನೆಗೆ ಬಾರಿಸಿದ್ದರೆ ಚೆನ್ನಾಗಿತ್ತು.

"ಪದ ತೆಗೆದುಬಿಡೋಣ," ಎಂದೆ. "ನಾನು ಸಹಿ ಹಾಕುವುದಿಲ್ಲ. ಬೇರೆ ಪದ ಹಾಕಿ, ಅಮ್ಮನಿಗೆ ಓದಿ, ಆಮೇಲೆ ಕಳಿಸು. ಪುಸ್ತಿಕೆಯಲ್ಲಿ ಇದ್ದದ್ದು ತಪ್ಪು ಎಂದು ಸಭೆಯಲ್ಲಿ ಹೇಳು. ಆಮೇಲಾದರೂ ಅಮ್ಮನ ಮನೆಯಲ್ಲಿ ಉಣ್ಣಬಹುದಲ್ಲ?"

ಅವನು ಆ ಬೊಡ್ಡೆಯ ಅಂಚಿನ ತೊಗಟೆಯನ್ನು ಉಗುರಿನಿಂದ ಕಿತ್ತ.

"ಪುಸ್ತಕದಿಂದ ನೀವು ತೆಗೆಯುತ್ತೀರಿ ಸರ್. ಮೂರು ವರ್ಷದಿಂದ ಪ್ರತಿ ಸಂಜೆ ಪ್ರಾರ್ಥನೆಯಲ್ಲಿ ಆ ಹೆಸರು ಹೇಳಿ ಶಪಿಸಿದ್ದೇನೆ. ಅಮ್ಮನ ಮಡಕೆಯ ಅನ್ನ ನೋಡಿದರೆ ನನಗೆ ಹೊಟ್ಟೆ ತೊಳಸುತ್ತದೆ. ಅದು ನಾನು ಮಾಡುತ್ತಿರುವುದಲ್ಲ, ತಾನಾಗಿ ಆಗುತ್ತದೆ. ಅದನ್ನು ಹೇಗೆ ತೆಗೆಯುತ್ತೀರಿ?"

ಹೊರಡುವಾಗ ಇಂದಾ ನನ್ನ ಕೈಗೆ ಎಲೆಯಲ್ಲಿ ಸುತ್ತಿದ ಮರಗೆಣಸು ಕೊಟ್ಟರು. ಮೆಲಾಕಾ ಹತ್ತಿರ ಬಂದಾಗ ಡೇನಿಯಲ್, "ಬಿಷಪ್‌ಗೆ ನಾನೇ ಫೋನ್ ಮಾಡ್ತೀನಿ, ಬಿಡುಗಡೆ ಮುಂದೆ ಹಾಕೋಣ," ಎಂದ. ಅವನ ಬಗ್ಗೆ ನಾನು ಸುಮ್ಮನೆ ಕೆಟ್ಟದಾಗಿ ಯೋಚಿಸಿದ್ದೆ. ಮನೆಯಲ್ಲಿ ಆನ್ಯಾ ಆ ಗೆಣಸಿಗೆ ಸಕ್ಕರೆ ಹಚ್ಚಿ ತಿಂದಳು. ಹೊಸ ಕನ್ನಡಕ ಬಂದಿತ್ತು. ಹಾಕಿಕೊಂಡು ಮೊದಲು ನೋಡಿದ್ದು ಸ್ಟೀಫನ್ ಕೊಟ್ಟಿದ್ದ ಆ ಹಳೆಯ ಫಾರ್ಮನ್ನು. ನನ್ನ ಸಹಿ ಚೆನ್ನಾಗಿತ್ತು, ಅವಸರದಲ್ಲಿ ಹಾಕಿದ್ದು ಅನ್ನಿಸುವಂತೆಯೇ ಇರಲಿಲ್ಲ.

ಮಂಗಳೂರು

ಬಂದ ಮೇಲೆ ಒಂದು ದಿನ ಬೇಲಿಯ ಹತ್ತಿರ ಹೋಗಿ ನಿಂತೆ. ಅಕ್ಕು ಪೂಜಾರ್ತಿ ಹೋಗಿ ವರ್ಷಗಳಾದವು. ಆ ಜಾಗದಲ್ಲಿ ಈಗ ಅಪಾರ್ಟ್‌ಮೆಂಟಿನ ಪಾರ್ಕಿಂಗ್. ಯಾರಿಗೆ ಏನು ಹೇಳುವುದು.

ಐದು ತಿಂಗಳ ಮೇಲೆ ಸ್ಟೀಫನ್‌ನಿಂದ ತಿದ್ದಿದ ಕರಡು ಬಂತು. ಸೈತಾನನಿಗೆ ಮಲಯ್ ಭಾಷೆಯಿಂದ ಎರವಲು ತಂದ ಪದ ಹಾಕಿದ್ದಾನೆ. ಜೊತೆಗೆ ಫಾರ್ಮು. ಕೇಳಿಸಿಕೊಂಡವರು: ಇಂದಾ. ಸಭೆಯ ಹೊರಗಿನವರೇ: ಹೌದು. ಅನುವಾದಕನಿಗೆ ಏನಾಗಬೇಕು: ತಾಯಿ. ಕಥೆಯ ಕೆಟ್ಟವನ ಬಗ್ಗೆ ಕೇಳಿಸಿಕೊಂಡವರು ಹೇಳಿದ್ದು: 'ಇವನು ಯಾರೋ ಗೊತ್ತಿಲ್ಲ, ನಮ್ಮ ಕಾಡಿನವನಲ್ಲ.' ಅದರ ಕೆಳಗೆ: 'ಕೆಮ್ಮು ಜಾಸ್ತಿ ಇದ್ದುದರಿಂದ ಓದುವುದನ್ನು ಎರಡು ಸಲ ನಿಲ್ಲಿಸಬೇಕಾಯಿತು.'

ಎಲ್ಲ ಸರಿಯಾಗಿತ್ತು. ಕೊನೆಯಲ್ಲಿ 'ಇತರ ವಿಷಯಗಳು' ಎಂಬ ಕಾಲಂ ಮಾತ್ರ ಖಾಲಿ. ಅದನ್ನು ಯಾರೂ ತುಂಬುವುದಿಲ್ಲ, ನಾನೂ ಎಂದೂ ಕೇಳಿದವನಲ್ಲ.

ಸಹಿ ಹಾಕದೆ ವಾಪಸು ಕಳಿಸಿದೆ. ಈ ಕಾಲಂ ಖಾಲಿ ಇದೆ, ಅಮ್ಮನ ಮನೆಯಲ್ಲಿ ಊಟ ಆಯಿತಾ, ಎಂದು ಬರೆದೆ.

ಒಂದು ವಾರ ಏನೂ ಬರಲಿಲ್ಲ. ದಿನಕ್ಕೆ ನಾಲ್ಕು ಸಲ ಕಂಪ್ಯೂಟರ್ ತೆರೆದು ನೋಡಿದೆ. ಎಂಟನೆಯ ದಿನ ಬೆಳಿಗ್ಗೆ ಫಾರ್ಮು ಬಂತು. ಖಾಲಿ ಇದ್ದ ಜಾಗದಲ್ಲಿ ಒಂದೇ ಪದ.

ಬೆಲುಮ್.